ಅಜ್ಜಿಯ ಕೈಗುಣಕ್ಕೂ ಒಂದು ಪರೀಕ್ಷೆ ಇರಲಿ

ಅಮೆರಿಕದ ಒಹಾಯೊ ರಾಜ್ಯದಲ್ಲಿ ವೆಸ್ಟ್ ಅಲೆಕ್ಸಾಂಡ್ರಿಯ ಎಂಬ ಸಣ್ಣ ಊರಿದೆ. 1960ರ ದಶಕದಲ್ಲಿ ಆ ಊರಿನ ಲೂಸಿ ಆಕರ್ಮನ್ ಎಂಬ ಅಜ್ಜಿ ಮೊಮ್ಮಗಳಿಗಾಗಿ ಒಂದು ಬಟ್ಟೆಯ ಚೀಲ ಹೊಲಿದರು. ಅವರ ಮಗಳು ಆನ್ ಮೂರ್ ಮಕ್ಕಳ ದಾದಿ. ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್‌ನ ಸೇವೆಗೆಂದು ಗಂಡನೊಡನೆ ಪಶ್ಚಿಮ ಆಫ್ರಿಕದ ಟೋಗೊ ದೇಶಕ್ಕೆ ಹೋಗಿದ್ದಾಗ, ಅಲ್ಲಿಯ ತಾಯಂದಿರು ಕೂಸನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ದಿನದ ಕೆಲಸವೆಲ್ಲ ಮಾಡುವುದನ್ನೂ, ಆ ಕೂಸುಗಳು ಅಳದೆ ನೆಮ್ಮದಿಯಾಗಿರುವುದನ್ನೂ ಆಕೆ ಕಂಡಿದ್ದರು. ಅಮೆರಿಕಕ್ಕೆ ಮರಳಿ, 1964ರಲ್ಲಿ ತಮಗೇ ಮಗಳು ಹುಟ್ಟಿದ ಮೇಲೆ ಹಾಗೆ ಕಟ್ಟಿಕೊಳ್ಳಲು ನೋಡಿದರೆ ಕೂಸು ಜಾರುತ್ತಿತ್ತು. ತಾಯಿಗೆ ಹೇಳಿದರು. ತಾಯಿ ಹೊಲಿದು ಕೊಟ್ಟರು, ಸರಿಹೋಗದ ಕಡೆ ಬಿಚ್ಚಿ ಮತ್ತೆ ಹೊಲಿದರು. ಮಗಳು ಕೂಸನ್ನು ಹೊತ್ತು ತಾವಿದ್ದ ಡೆನ್ವರ್ ನಗರದ ಬೀದಿಗಿಳಿದರೆ ಜನ ನಿಲ್ಲಿಸಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. ಆ ಕೇಳಿಕೆಗಳೇ ಒಂದೊಂದಾಗಿ ಆರ್ಡರ್‌ಗಳಾದವು. ಒಹಾಯೊದ ಮನೆಯಲ್ಲಿ ಅಜ್ಜಿಯೂ ನೆರೆಯ ಹೆಂಗಸರೂ ಕೈಯಲ್ಲಿ ಹೊಲಿದು ಕಳಿಸುತ್ತಿದ್ದರು. 1969ರಲ್ಲಿ ಪೇಟೆಂಟ್ ಸಿಕ್ಕಿತು. ಸ್ನಗ್ಲಿ ಎಂಬ ಆ ಚೀಲ ಮುಂದೆ ಅಮೆರಿಕದಲ್ಲಿ ಮನೆಮಾತಾಯಿತು. ಇಂದು ನಮ್ಮ ಊರುಗಳಲ್ಲೂ ತಂದೆತಾಯಂದಿರು ಮಗುವನ್ನು ಎದೆಗೆ ಕಟ್ಟಿಕೊಂಡು ಓಡಾಡುವ ಚೀಲಗಳ ವಂಶಾವಳಿಯಲ್ಲಿ ಆ ಹೊಲಿಗೆಯೂ ಇದೆ.

ಅದೇ ದೇಶದಲ್ಲಿ ಅದಕ್ಕೂ ತುಸು ಮುಂಚೆ, 1950ರ ದಶಕದಲ್ಲಿ, ವಿಕ್ಟರ್ ಮಿಲ್ಸ್ ಎಂಬ ತಾತ ಮೊಮ್ಮಗುವಿನ ಬಟ್ಟೆಯ ಲಂಗೋಟಿ ಬದಲಿಸಿ ಬೇಸತ್ತರು. ಅವರು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್. ಒಮ್ಮೆ ಬಳಸಿ ಎಸೆಯುವ ಲಂಗೋಟಿ ಮಾಡಬಾರದೇಕೆ ಎಂಬ ಪ್ರಶ್ನೆಯನ್ನು ಕಂಪನಿಯ ಸಂಶೋಧಕರ ಮುಂದಿಟ್ಟರು. 1961ರಲ್ಲಿ ಪ್ಯಾಂಪರ್ಸ್ ಇಲಿನಾಯ್ ರಾಜ್ಯದ ಪಿಯೋರಿಯ ಪಟ್ಟಣದಲ್ಲಿ ಮಾರುಕಟ್ಟೆಯ ಪರೀಕ್ಷೆಗಿಳಿಯಿತು. ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇಬ್ಬರಿಗೂ ದಾರಿ ತೋರಿಸಿದ್ದು ಮೊಮ್ಮಗುವನ್ನು ಹತ್ತಿರದಿಂದ ನೋಡಿಕೊಂಡ ಅನುಭವ. ತಾತನ ಬೆನ್ನಿಗೆ ಪ್ರಯೋಗಾಲಯ, ಬಂಡವಾಳ, ವಕೀಲರು ಇದ್ದರು. ಅಜ್ಜಿಯ ಬಳಿ ಇದ್ದುದು ಸೂಜಿ, ದಾರ, ನೆರೆಹೊರೆ. ನಮ್ಮ ನಾಡಿನ ಮನೆಗಳಲ್ಲಿ ಇಂಥ ಅಜ್ಜಿಯರಿಗೆ ಕೊರತೆಯಿಲ್ಲ. ಅವರು ಕಂಡುಕೊಂಡದ್ದನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಪೇಟೆಗೆ ತಲುಪಿಸುವ ದಾರಿ ಮಾತ್ರ ಇಲ್ಲ. ಅಜ್ಜಿಯ ಕೈಗುಣ ದೊಡ್ಡದು ಎಂದು ಹೊಗಳುತ್ತೇವೆ, ಅದನ್ನು ಅಳೆದು ನೋಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಬರೀ ಹೊಗಳಿಕೆಯೂ ಒಂದು ಬಗೆಯ ಅಸಡ್ಡೆ. ಅಜ್ಜಿಯ ತಿಳಿವಳಿಕೆಗೆ ನಿಜವಾದ ಗೌರವ ಕೊಡುವುದಾದರೆ ಅದನ್ನು ಪರೀಕ್ಷೆಗೆ ಒಡ್ಡಬೇಕು, ಪಾಸಾದರೆ ಆಕೆಯ ಹೆಸರಿನಲ್ಲೇ ಮಾರಲು ನೆರವಾಗಬೇಕು. ನನ್ನ ವಾದ ಇಷ್ಟೇ.

ತಿಳಿವಳಿಕೆ ಎಂದರೆ ಏನು ಎಂಬುದಕ್ಕೆ ರಾಗಿ ಸರಿಯನ್ನೇ ನೋಡೋಣ. ಹಳೇ ಮೈಸೂರಿನ ಕಡೆ ಆರು ತಿಂಗಳು ತುಂಬಿದ ಕೂಸಿಗೆ ಮೊದಲು ತಿನ್ನಿಸುವುದು ಇದನ್ನೇ. ರಾಗಿಯನ್ನು ಕಲ್ಲು ಆರಿಸಿ, ನಾಲ್ಕಾರು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಿ, ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಇಡುತ್ತಾರೆ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಾರೆ, ಆದರೆ ತೊಟ್ಟಿಕ್ಕುವಷ್ಟು ಅಲ್ಲ. ಮೊಳಕೆ ಬಟ್ಟೆಯ ಎಳೆಯೊಳಗಿಂದ ಬೆಳ್ಳಗೆ ಇಣುಕಿದಾಗ ಗಂಟು ಬಿಚ್ಚಿ ನೆರಳಿನಲ್ಲಿ ಹರಡುತ್ತಾರೆ. ಒಣಗಿದ ಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ತೌಡು ಬೇರೆ ಮಾಡುತ್ತಾರೆ. ಈ ಒಂದೊಂದು ಹೆಜ್ಜೆಗೂ ಕಾರಣವಿದೆ. ಕಾಳು ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದೆ ತೆಳ್ಳಗೆ ಉಳಿಯುತ್ತದೆ, ಕೂಸಿನ ಪುಟ್ಟ ಹೊಟ್ಟೆಗೆ ಒಂದೇ ಹೊತ್ತಿನಲ್ಲಿ ಹೆಚ್ಚು ಸತ್ವ ಸೇರುತ್ತದೆ. ಹೆಚ್ಚು ಹುರಿದರೆ ಆ ಕಿಣ್ವ ಸಾಯುತ್ತದೆ, ಸಣ್ಣ ಉರಿಯ ಗುಟ್ಟು ಅದು. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶವೂ ಮೊಳಕೆಯಿಂದ ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10ರ ಆಸುಪಾಸು. 1980ರ ದಶಕದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರು ಮೊಳೆತ ಧಾನ್ಯದ ಹಿಟ್ಟಿನಿಂದ ಮಕ್ಕಳ ಗಂಜಿಯನ್ನು ತೆಳ್ಳಗಾಗಿಸುವ ಬಗ್ಗೆ ನಡೆಸಿದ ಸಂಶೋಧನೆ ಪೋಷಣಾ ವಿಜ್ಞಾನದಲ್ಲಿ ಹೆಸರು ಮಾಡಿತು. ನಮ್ಮ ಅಡುಗೆಮನೆಯಲ್ಲಿ ಕಾರಣ ಗೊತ್ತಿಲ್ಲದೆ ನಡೆದು ಬಂದ ಕ್ರಮಕ್ಕೆ ಪ್ರಯೋಗಾಲಯ ಕಾರಣ ಹೇಳಿತು. ಎಷ್ಟು ಹೊತ್ತು ನೆನೆಸಬೇಕು, ಯಾವ ಹದಕ್ಕೆ ಹುರಿಯುವುದನ್ನು ನಿಲ್ಲಿಸಬೇಕು ಎಂಬುದು ಇಂದಿಗೂ ಅಜ್ಜಿಯ ಮೂಗು, ಬೆರಳುಗಳಿಗೇ ಚೆನ್ನಾಗಿ ಗೊತ್ತು.

ಇದು ಪರಂಪರೆಯಾಯಿತು, ಹೊಸ ಶೋಧ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಅವರು ಕುಲಾವಿಯೊಂದನ್ನು ಕೈಯಲ್ಲಿ ಹಿಡಿದು ನೋಡಲಿ. ತಲೆ, ಕಿವಿ, ಕತ್ತಿನ ಹಿಂಭಾಗ ಮೂರೂ ಬೆಚ್ಚಗಿರುವಂತೆ ಖಣದಲ್ಲೋ ಹತ್ತಿಯಲ್ಲೋ ಹೊಲಿದ ಟೋಪಿ. ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ. ಅಂದದ ಕೆಲಸವೇ, ಆದರೆ ಆ ಲಾಡಿಯಲ್ಲಿ ಅಪಾಯವೂ ಇದೆ. ಮಗು ಹೊರಳಿದಾಗ, ಎಲ್ಲಾದರೂ ಸಿಕ್ಕಿಕೊಂಡಾಗ ಕತ್ತಿಗೆ ಬಿಗಿಯಬಹುದು. ಮಕ್ಕಳ ಉಡುಪಿನ ಕತ್ತಿನ ಬಳಿ ದಾರ, ಲಾಡಿ ಇರಬಾರದು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1990ರ ದಶಕದಲ್ಲೇ ಮಾರ್ಗಸೂಚಿ ಹೊರಡಿಸಿತು. ಈಗ ಒಬ್ಬ ಅಜ್ಜಿ ಲಾಡಿಯನ್ನು ತೆಗೆದು, ಎರಡು ಕಿವಿಪಟ್ಟಿಗಳು ಗಲ್ಲದ ಕೆಳಗೆ ಒಂದರ ಮೇಲೊಂದು ಕೂತು, ಜೋರಾಗಿ ಎಳೆದರೆ ತಾನೇ ಬಿಟ್ಟುಕೊಳ್ಳುವಂತೆ ಹೊಲಿದರೆ ಅದು ಹೊಸ ಶೋಧವಲ್ಲದೆ ಮತ್ತೇನು? ಹಳೆಯ ವಸ್ತುವಿನ ಒಂದು ದೋಷವನ್ನು ಕಂಡು, ಅದನ್ನು ಕೈಯಾರೆ ತಿದ್ದುವುದೇ ಹೆಚ್ಚಿನ ಶೋಧಗಳ ಸ್ವಭಾವ. ಲೂಸಿ ಆಕರ್ಮನ್ ಮಾಡಿದ್ದೂ ಅದನ್ನೇ. ಕೂಸು ಜಾರುತ್ತದೆ ಎಂಬುದು ಸಮಸ್ಯೆ, ಜಾರದ ಹಾಗೆ ಪಟ್ಟಿ ಕೂಡಿಸಿ ಹೊಲಿದದ್ದು ಉತ್ತರ. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಕೂಡಿಸುವ ಉತ್ತರ ಕರ್ನಾಟಕದ ಕೌದಿ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿ ಇವುಗಳಲ್ಲೂ ಇಂಥ ನೂರು ತಿದ್ದುಪಡಿಗಳು ಸದ್ದಿಲ್ಲದೆ ನಡೆದಿವೆ. ಮಾಡಿದವರ ಹೆಸರು ಎಲ್ಲೂ ದಾಖಲಾಗಿಲ್ಲ, ಅಷ್ಟೆ.

ಸರಿ, ಅಜ್ಜಿ ಮಾರಲು ಹೊರಟರು ಎನ್ನೋಣ. ಮೊದಲ ಗ್ರಾಹಕರು ಸಿಗುವುದು ಇಂದು ಕಷ್ಟವಲ್ಲ. ಸೊಸೆಯ ವಾಟ್ಸ್‌ಆ್ಯಪ್ ಗುಂಪು, ಅಪಾರ್ಟ್‌ಮೆಂಟಿನ ನೆರೆಹೊರೆ, ಮೊಮ್ಮಗ ತೆಗೆದ ಚಿಕ್ಕ ವಿಡಿಯೊ ಸಾಕು. ಸಣ್ಣ ಆಹಾರ ತಯಾರಕರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಸಿಗುತ್ತದೆ. ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಆದರೆ ಸರಿ ಹಿಟ್ಟಿನ ಡಬ್ಬಿಯ ಮೇಲೆ ಮುದ್ದು ಮಗುವಿನ ಮುಖ ಅಚ್ಚು ಹಾಕಿಸಿ, ಆರು ತಿಂಗಳ ಕೂಸಿಗೆ ತಾಯಿಹಾಲಿನ ಜೊತೆ ಕೊಡಿ ಎಂದು ಜಾಹೀರಾತು ಹಾಕಿದ ಗಳಿಗೆಯಲ್ಲಿ ಅಜ್ಜಿ ಕೇಂದ್ರ ಸರ್ಕಾರದ 1992ರ ಶಿಶು ಆಹಾರ ಕಾಯ್ದೆಯನ್ನು ಮುರಿದಂತೆ. ಆರು ತಿಂಗಳ ನಂತರ ಎರಡು ವರ್ಷದವರೆಗೆ ತಾಯಿಹಾಲಿಗೆ ಪೂರಕವೆಂದು ಮಾರುವ ಯಾವುದೇ ಆಹಾರ, ಅದಕ್ಕೆ ಏನೇ ಹೆಸರಿರಲಿ, ಆ ಕಾಯ್ದೆಯಡಿ ಶಿಶು ಆಹಾರ. 2003ರ ತಿದ್ದುಪಡಿಯ ನಂತರ ಅದರ ಜಾಹೀರಾತು ಪೂರ್ತಿ ನಿಷಿದ್ಧ. ಡಬ್ಬಿಯ ಮೇಲೆ ಮಗುವಿನ ಚಿತ್ರ, ಹೆಂಗಸಿನ ಚಿತ್ರ ಹಾಕುವಂತಿಲ್ಲ. ತಪ್ಪಿದರೆ ಮೂರು ವರ್ಷದವರೆಗೆ ಸೆರೆಮನೆ. ಈ ಕಾಯ್ದೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಡಬ್ಬಿ ಹಾಲಿನ ಕಂಪನಿಗಳು ತಾಯಿಹಾಲಿನ ಮೇಲಿನ ನಂಬಿಕೆಯನ್ನೇ ಅಲುಗಾಡಿಸಿದ ಕಾಲದಲ್ಲಿ ದೇಶ ಎದೆಗಟ್ಟಿ ಮಾಡಿಕೊಂಡು ತಂದ ಕಾಯ್ದೆ ಅದು. ಅಜ್ಜಿಗಾಗಿ ಅದನ್ನು ಸಡಿಲಿಸಬೇಕಿಲ್ಲ. ಆದರೆ ಅಂಥದೊಂದು ಕಾಯ್ದೆ ಇದೆ ಎಂದು ಆಕೆಗೆ ಸರಳ ಕನ್ನಡದಲ್ಲಿ ಹೇಳಿದವರು ಯಾರು? ಹಿಟ್ಟು ಮಾರಿದ ಮೇಲೆ ಬರುವ ನೋಟಿಸಿನಿಂದಲೇ ಕಾನೂನು ಕಲಿಯಬೇಕು ಎನ್ನುವುದು ನ್ಯಾಯವಲ್ಲ.

ಉಳಿದ ವಸ್ತುಗಳಿಗೂ ಬೇರೆ ಬೇರೆ ಬಾಗಿಲುಗಳಿವೆ. ಮಗುವಿನ ಮೈಗೆ ಹಚ್ಚುವ ಎಣ್ಣೆ, ಪೌಡರು, ಕಾಡಿಗೆ ಇವನ್ನು ತಯಾರಿಸಿ ಮಾರಬೇಕಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ಚಿಂದಿ ಬಟ್ಟೆಯ ಗೊಂಬೆ ಹೊಲಿದು ಮಾರಿದರೆ ಅದು ಆಟಿಕೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚಿಕೆ ಪಡೆದ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆ. ಆಲೆಮರದ ತುಂಡಿಗೆ ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗಿಲಕಿಗಳು ಈ ವಿನಾಯಿತಿಯಿಂದಲೇ ಉಸಿರಾಡುತ್ತಿವೆ. ಕುಶಲಕರ್ಮಿಯ ಗುರುತಿನ ಚೀಟಿ ಪಡೆದರೆ ಗೊಂಬೆ ಹೊಲಿಯುವ ಅಜ್ಜಿಗೂ ಈ ದಾರಿ ಉಂಟು. ಎಷ್ಟು ಜನ ಅಜ್ಜಿಯರಿಗೆ ಇದು ಗೊತ್ತಿದೆ ಎಂಬುದೇ ಪ್ರಶ್ನೆ.

ಈಗ ಎಲ್ಲಕ್ಕಿಂತ ಭಾರವಾದ ಆಕ್ಷೇಪಕ್ಕೆ ಬರೋಣ. ಕೂಸಿನ ಜೀವದ ವಿಷಯ, ಮನೆಮದ್ದು ಮಾರಲು ಬಿಟ್ಟರೆ ಅನಾಹುತವಾದೀತು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅವರ ಆತಂಕ ಸರಿಯಾದದ್ದು. ಅಜ್ಜಿಯರು ಹೇಳಿದ್ದೆಲ್ಲ ಸರಿಯಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ಇದೆ. ಒಂದು ವರ್ಷ ತುಂಬುವ ಮೊದಲು ಜೇನು ಕೊಟ್ಟರೆ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರುವ ಅಪಾಯವಿದೆ. ಮಾತು ಬೇಗ ಬರಲಿ ಎಂದು ಬಜೆ ಬೇರು ತೇಯ್ದು ನೆಕ್ಕಿಸುತ್ತಾರೆ. ಅದೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು, ಅದರಲ್ಲಿರುವ ಆಸರೋನ್ ಎಂಬ ವಸ್ತು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ತಂದಿತ್ತು. ಪೇಟೆಯ ಹಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ. ಸೀಸ ಎಳೆಯ ಮಿದುಳಿಗೆ ವಿಷ, ಇಷ್ಟಾದರೆ ತೊಂದರೆಯಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ. ನೀರೆರೆದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಷ್ಟೇಕೆ, ನಾನು ಹೊಗಳಿದ ಸರಿ ಹಿಟ್ಟೂ ನೆರಳಿನಲ್ಲಿ ಸರಿಯಾಗಿ ಒಣಗದೆ ಬೂಸು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ನಂಜು ಸೇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮೊದಲ ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಆ ವಯಸ್ಸಿನ ಕೂಸಿನ ಬಾಯಿಗೆ ಹಾಕುವ ಯಾವ ವಸ್ತುವನ್ನೂ, ಅದು ಎಷ್ಟೇ ಹಳೆಯ ಮನೆಮದ್ದಾಗಿರಲಿ, ಯಾವ ಅಜ್ಜಿಯೂ ಮಾರಬಾರದು. ಈ ಗೆರೆಯನ್ನು ದಾಟುವಂತೆಯೇ ಇಲ್ಲ.

ಹೀಗೆ ಒಪ್ಪಿಕೊಂಡ ಮೇಲೂ ಆಕ್ಷೇಪದಲ್ಲಿ ಒಂದು ತಪ್ಪು ಊಹೆ ಉಳಿಯುತ್ತದೆ. ಮನೆಯಲ್ಲಿ ಮಾಡಿದ್ದು ಅಪಾಯ, ಕಾರ್ಖಾನೆಯಲ್ಲಿ ಮಾಡಿದ್ದು ಸುರಕ್ಷಿತ ಎಂಬ ಊಹೆ ಅದು. ಫಿಶರ್ ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಎಂಬ ಇಳಿಜಾರು ತೊಟ್ಟಿಲು ಹತ್ತು ವರ್ಷ ಅಮೆರಿಕದ ಅಂಗಡಿಗಳಲ್ಲಿ ರಾಶಿ ರಾಶಿ ಮಾರಾಟವಾಯಿತು. ಅದರಲ್ಲಿ ಮಲಗಿಸಿದ 30ಕ್ಕೂ ಹೆಚ್ಚು ಕೂಸುಗಳು ಸತ್ತ ವರದಿಗಳು ಬಂದ ಮೇಲೆ, 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ವಾಪಸು ಕರೆಯಬೇಕಾಯಿತು. ನಮ್ಮ ದೇಶದಲ್ಲಿ ಮಾರುವ ನೆಸ್ಲೆಯ ಸೆರೆಲ್ಯಾಕ್‌ನಲ್ಲಿ ಒಂದು ಹೊತ್ತಿಗೆ ಸರಾಸರಿ ಮೂರು ಗ್ರಾಂನ ಹತ್ತಿರ ಸಕ್ಕರೆ ಬೆರೆಸಲಾಗಿದೆ, ಯುರೋಪಿನ ದೇಶಗಳಲ್ಲಿ ಮಾರುವ ಅಂಥದೇ ಆಹಾರದಲ್ಲಿ ಬೆರೆಸಿಲ್ಲ ಎಂದು 2024ರಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಬಯಲಿಗಿಟ್ಟಿತು. ನಿಯಮದ ಮಿತಿಯೊಳಗೇ ಇದ್ದೇವೆ ಎಂದು ಕಂಪನಿ ಹೇಳಿತು. ನಿಯಮದ ಪ್ರಕಾರ ಅದು ಸರಿಯೂ ಇರಬಹುದು, ಆದರೆ ಅಜ್ಜಿಯೊಬ್ಬಳು ಆರು ತಿಂಗಳ ಮೊಮ್ಮಗುವಿನ ಸರಿಗೆ ದಿನಾ ಸಕ್ಕರೆ ಸುರಿಯುವುದನ್ನು ವೈದ್ಯರು ಒಪ್ಪುವುದಿಲ್ಲವಲ್ಲ. ಅಪಾಯವು ಮನೆಯಲ್ಲೂ ಹುಟ್ಟುತ್ತದೆ, ಕಾರ್ಖಾನೆಯಲ್ಲೂ ಹುಟ್ಟುತ್ತದೆ. ಅದನ್ನು ಹಿಡಿಯುವುದು ಪರೀಕ್ಷೆ ಒಂದೇ. ಕಾರ್ಖಾನೆ ಪರೀಕ್ಷೆಗೆ ದುಡ್ಡು ಕಟ್ಟಬಲ್ಲದು, ಅಜ್ಜಿ ಕಟ್ಟಲಾರಳು. ಹಾಗಾಗಿ ಕಾರ್ಖಾನೆಯ ವಸ್ತು ಪೇಟೆಗೆ ಬರುತ್ತದೆ. ಅಜ್ಜಿಯದ್ದು ಒಂದೋ ಅಡುಗೆಮನೆಯಲ್ಲೇ ಉಳಿಯುತ್ತದೆ, ಇಲ್ಲವೇ ಪರೀಕ್ಷೆಯಿಲ್ಲದೆ ಕದ್ದುಮುಚ್ಚಿ ಮಾರಾಟವಾಗುತ್ತದೆ. ಈ ಕದ್ದುಮುಚ್ಚಿ ಮಾರಾಟ ಈಗಾಗಲೇ ಊರೂರಿನಲ್ಲಿ ನಡೆದಿದೆ. ವೈದ್ಯರು ಹೆದರಬೇಕಾದ್ದು ಅದಕ್ಕೆ. ಪರೀಕ್ಷೆಯ ಬಾಗಿಲು ತೆರೆದರೆ ಆ ಅಪಾಯ ತಗ್ಗುತ್ತದೆ.

ಬಾಗಿಲು ತೆರೆಯುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಮಾದರಿಗಳಿವೆ. 1959ರಲ್ಲಿ ಮುಂಬೈಯ ಗಿರ್ಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಲಿಜ್ಜತ್ ಹಪ್ಪಳ ಶುರು ಮಾಡಿದರು. ಅದರ ಕ್ರಮ ಗಮನಿಸಬೇಕು. ಹಿಟ್ಟು ಕಲಸುವುದು ಕೇಂದ್ರದಲ್ಲಿ, ಒಂದೇ ಅಳತೆಯಲ್ಲಿ. ಹೆಂಗಸರು ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ ಮಾರನೆಯ ದಿನ ತರುತ್ತಾರೆ. ಕೇಂದ್ರದಲ್ಲಿ ತೂಕ, ಗುಣ ನೋಡಿ ತೆಗೆದುಕೊಳ್ಳುತ್ತಾರೆ. ಕೆಲಸ ಮನೆಯಲ್ಲಿ, ತಪಾಸಣೆ ಕೇಂದ್ರದಲ್ಲಿ. ಸರಿ ಹಿಟ್ಟಿಗೂ ಇದೇ ಕ್ರಮ ಹೊಂದುತ್ತದೆ. ಮೊಳಕೆ ಕಟ್ಟುವುದು, ಹುರಿಯುವುದು ಅಜ್ಜಿಯ ಕೈಯಲ್ಲಿ ನಡೆಯಲಿ. ತೇವಾಂಶ ಅಳೆಯುವುದು, ನಂಜು ಪರೀಕ್ಷಿಸುವುದು, ಡಬ್ಬಿಗೆ ತುಂಬುವುದು ಸ್ತ್ರೀಶಕ್ತಿ ಸಂಘದ ಕೇಂದ್ರದಲ್ಲಿ ಆಗಲಿ. ಪರೀಕ್ಷೆಗೆ ಬೇಕಾದ ವಿದ್ಯೆಗೆ ಕರ್ನಾಟಕದಲ್ಲಿ ಬರವಿಲ್ಲ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಹುಟ್ಟಿದ್ದು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ತಂತ್ರವನ್ನು ಕಂಡುಹಿಡಿದು ಅಮುಲ್‌ಗೆ ಕೊಟ್ಟದ್ದು ಅದೇ ಸಂಸ್ಥೆ. ಎಮ್ಮೆ ಹಾಲಿನಿಂದ ಆಗದು ಎಂದು ಹೊರದೇಶದ ತಜ್ಞರು ಕೈಚೆಲ್ಲಿದ್ದ ಕಾಲದಲ್ಲಿ ಮೈಸೂರಿನಲ್ಲಿ ಆದ ಕೆಲಸ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ, ಜವಳಿ ಎರಡನ್ನೂ ಕಲಿಸುವ ಸಮುದಾಯ ವಿಜ್ಞಾನ ಕಾಲೇಜಿದೆ. ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲಿ ತಿಂಗಳಿಗೆ ಒಂದು ದಿನ, ಅಜ್ಜಿಯರು ತಂದ ಹಿಟ್ಟು, ಎಣ್ಣೆ, ಬಟ್ಟೆಯ ಮಾದರಿಗಳನ್ನು ಪುಕ್ಕಟೆಯಾಗಿ ತೆಗೆದುಕೊಂಡು ಪರೀಕ್ಷಿಸಿ, ಏನು ಸರಿಯಿದೆ, ಏನು ತಿದ್ದಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು. ಎಲ್ಲ ವಸ್ತುಗಳಿಗೂ ಒಂದೇ ಅಳತೆಗೋಲು ಬೇಡ. ಕೌದಿ, ಕುಲಾವಿ, ಬಟ್ಟೆಯ ಲಂಗೋಟಿಗೆ ಬಣ್ಣ ಬಿಡುತ್ತದೆಯೇ, ದಾರ, ಗುಂಡಿ ಕಿತ್ತು ಬರುತ್ತದೆಯೇ, ಕತ್ತಿಗೆ ಬಿಗಿಯುವ ಲಾಡಿ ಇದೆಯೇ ಎಂದು ನೋಡಿದರೆ ಆಯಿತು. ಬಾಯಿಗೆ ಹೋಗುವುದಕ್ಕೆ, ಕಣ್ಣಿಗೆ ಹಚ್ಚುವುದಕ್ಕೆ ಕಟ್ಟುನಿಟ್ಟು ಬೇಕು. ಕಾಡಿಗೆಯನ್ನಂತೂ ಈ ಪಟ್ಟಿಯಿಂದ ಕೈಬಿಡುವುದೇ ಲೇಸು.

ಇನ್ನೊಂದು ಮಾತು ಮನೆಯೊಳಗಿಂದಲೇ ಬರುತ್ತದೆ. ಈ ವಯಸ್ಸಿನಲ್ಲಿ ಅಮ್ಮನಿಗೆ ಏಕೆ ದುಡಿಮೆ, ಕೂತು ತಿನ್ನಲಿ ಎನ್ನುವ ಮಕ್ಕಳಿದ್ದಾರೆ. ಅಕ್ಕರೆಯ ಮಾತೇ, ಆದರೆ ಆಕೆ ಕೂತಿದ್ದಾಳೆಯೇ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಸೊಸೆ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗುವನ್ನು ಸಾಕುವುದು ಅಜ್ಜಿ. ಬೆಂಗಳೂರಿನಲ್ಲಾಗಲಿ, ಬಾಣಂತನಕ್ಕೆಂದು ವಿಮಾನ ಹತ್ತಿ ಹೋಗುವ ಅಮೆರಿಕದ ಊರುಗಳಲ್ಲಾಗಲಿ ಆಕೆಯ ದುಡಿಮೆಗೆ ಕೂಲಿ ಇಲ್ಲ, ರಜೆಯೂ ಇಲ್ಲ. ಹಾಗಾಗಿ ಕೇಳಬೇಕಾದ್ದು ಆಕೆ ದುಡಿಯಬೇಕೋ ಬೇಡವೋ ಎಂದಲ್ಲ, ಈಗಾಗಲೇ ದುಡಿಯುತ್ತಿರುವವಳ ಕೈಗೆ ಏನಾದರೂ ಸೇರಬೇಕೋ ಬೇಡವೋ ಎಂದು. ಇಲ್ಲಿ ಒಂದು ನಿಜವಾದ ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಅಜ್ಜಿಯ ಹೆಸರು ಡಬ್ಬಿಯ ಮೇಲೆ, ಖಾತೆ ಮಗನ ಹೆಸರಿನಲ್ಲಿ ಎಂಬ ಏರ್ಪಾಡು ಸುಲಭವಾಗಿ ನಡೆದುಬಿಡುತ್ತದೆ. ನೋಂದಣಿ, ಬ್ಯಾಂಕ್ ಖಾತೆ, ಟ್ರೇಡ್‌ಮಾರ್ಕ್ ಮೂರೂ ಆಕೆಯ ಹೆಸರಿನಲ್ಲಿಯೇ ಇರಬೇಕು. ಟ್ರೇಡ್‌ಮಾರ್ಕ್‌ಗೆ ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಶುಲ್ಕ 4,500 ರೂಪಾಯಿ. ಹೊಸ ವಿನ್ಯಾಸದ ಕುಲಾವಿಯನ್ನು ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಮೊದಲು ಹತ್ತು ವರ್ಷ, ಬೇಕಿದ್ದರೆ ಇನ್ನೂ ಐದು ವರ್ಷ ರಕ್ಷಣೆ ಸಿಗುತ್ತದೆ. ಪೇಟೆಂಟ್ ಅರ್ಜಿದಾರರಲ್ಲಿ ಹೆಂಗಸಿದ್ದರೆ ಬೇಗ ಪರಿಶೀಲಿಸುವ ಅವಕಾಶ 2019ರಿಂದ ಇದೆ. ಆರ್ಡರ್ ಎಷ್ಟು ತೆಗೆದುಕೊಳ್ಳಬೇಕು, ಯಾವಾಗ ಸಾಕೆನ್ನಬೇಕು ಎಂಬುದನ್ನು ನಿರ್ಧರಿಸಬೇಕಾದವಳೂ ಆಕೆಯೇ.

ಎಲ್ಲರಿಗೂ ಸೇರಿದ ತಿಳಿವಳಿಕೆಯನ್ನು ಒಬ್ಬಾಕೆ ಹೇಗೆ ಮಾರಬಹುದು ಎಂದು ಕೆಲವರು ಕೇಳುತ್ತಾರೆ. ಮಾರುವುದು ಬೇರೆ, ಒಡೆತನ ಸಾಧಿಸುವುದು ಬೇರೆ. ಅರಿಸಿನ ಗಾಯಕ್ಕೆ ಮದ್ದು ಎಂಬುದಕ್ಕೆ 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದು ಪೇಟೆಂಟ್ ಪಡೆದಾಗ ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಪರಂಪರೆಯ ತಿಳಿವಳಿಕೆಗೆ ಪೇಟೆಂಟ್ ಇಲ್ಲ ಎಂದು ನಮ್ಮ ಪೇಟೆಂಟ್ ಕಾಯ್ದೆಯೂ ಹೇಳುತ್ತದೆ. ಅದು ಹಾಗೆಯೇ ಇರಲಿ. ರಾಗಿ ಸರಿಯ ಕ್ರಮ ಯಾರ ಸ್ವತ್ತೂ ಅಲ್ಲ. ಆದರೆ ತನ್ನ ಕೈಯಾರೆ ಮಾಡಿದ ಹಿಟ್ಟನ್ನು, ತಾನು ತಿದ್ದಿದ ಟೋಪಿಯನ್ನು ಮಾರುವ ಹಕ್ಕು ಆಕೆಗಿದೆ. ಸ್ನಗ್ಲಿಯ ಮೂಲ ಟೋಗೊದ ತಾಯಂದಿರ ಬಟ್ಟೆಯಲ್ಲಿತ್ತು. ಅವರಿಗೆ ಅದರಿಂದ ಏನು ದಕ್ಕಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ನಮ್ಮ ಕೂಲಿ ಹೆಂಗಸರು ಸೀರೆಯ ಜೋಳಿಗೆ ಕಟ್ಟಿ ಹೊಲದ ಬದುವಿನಲ್ಲಿ ಕೂಸು ತೂಗುವುದನ್ನು ನಾಳೆ ಯಾವುದೋ ಕಂಪನಿ ಚಂದದ ಹೆಸರಿಟ್ಟು ಮಾರುವ ಮೊದಲು, ಆ ಹೆಂಗಸರ ಕೈಗೇ ಆ ಅವಕಾಶ ಹೋಗಬೇಕೆಂದು ನಾನು ಹೇಳುತ್ತಿರುವುದು ಅದಕ್ಕಾಗಿಯೇ.

ಇಷ್ಟೆಲ್ಲ ಹೇಳಿದ ಮೇಲೆ, ರಾಜ್ಯ ಸರ್ಕಾರ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಒಂದು ಕೆಲಸವಿದೆ. ಹೆಂಗಸರ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ನಮ್ಮ ಹೆಸರಾಂತ ಯೋಜನೆ ಉದ್ಯೋಗಿನಿ. ಮಹಿಳಾ ಅಭಿವೃದ್ಧಿ ನಿಗಮದ ಈ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತದೆ. ಆದರೆ ಅರ್ಜಿ ಹಾಕುವವರ ವಯಸ್ಸು 55 ಮೀರಿರಬಾರದು. ಇನ್ನೊಂದು ಕಡೆ, ವಯಸ್ಸಾದವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ನಡುವಿನ ಹತ್ತು ವರ್ಷಗಳಲ್ಲಿ, ಮೊಮ್ಮಕ್ಕಳು ಹುಟ್ಟಿ ಬೆಳೆಯುವ, ಕೈ ಇನ್ನೂ ಗಟ್ಟಿಯಿರುವ, ಅನುಭವ ಮಾಗಿದ ಹೆಂಗಸು ಒಂದು ಯೋಜನೆಗೆ ತೀರ ದೊಡ್ಡವಳು, ಇನ್ನೊಂದಕ್ಕೆ ತೀರ ಚಿಕ್ಕವಳು. ಅರವತ್ತು ದಾಟಿದ ಹೆಂಗಸು ನಮ್ಮ ದೇಶದಲ್ಲಿ ಸರಾಸರಿ ಇನ್ನೂ ಹದಿನೆಂಟು ವರ್ಷಕ್ಕೂ ಹೆಚ್ಚು ಬಾಳುತ್ತಾಳೆ. ಹಿಟ್ಟು ಬೀಸುವ ಗಿರಣಿ, ಹೊಲಿಗೆ ಯಂತ್ರ, ತೇವಾಂಶ ಅಳೆಯುವ ಸಾಧನಕ್ಕೆ ತೆಗೆದ ಸಾಲ ತೀರಿಸಲು ಅಷ್ಟು ವರ್ಷ ಧಾರಾಳ. ಬ್ಯಾಂಕಿಗೆ ಭಯವಿದ್ದರೆ ಸ್ತ್ರೀಶಕ್ತಿ ಸಂಘದ ಜಾಮೀನು ಕೇಳಲಿ, ಸಾಲಕ್ಕೆ ವಿಮೆ ಮಾಡಿಸಲಿ. ಬಾಗಿಲನ್ನೇ ಮುಚ್ಚುವುದು ಬೇಡ. ಉದ್ಯೋಗಿನಿಯ ನಿಯಮದಲ್ಲಿ ವಯಸ್ಸಿನ ಮುಂದೆ 18ರಿಂದ 55 ಎಂದಿದೆ. ಆ ಎರಡನೆಯ ಅಂಕಿಯನ್ನು ತೆಗೆದುಹಾಕಲು ಬೇಕಿರುವುದು ಒಂದು ಸರ್ಕಾರಿ ಆದೇಶ, ಅಷ್ಟೇ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅದನ್ನು ಹೊರಡಿಸಲಿ.